ಕಾಯಿರಿ ಎನ್ನುವವರಿಗೂ ಮುಚ್ಚಿಡಿ ಎನ್ನುವವರಿಗೂ



ಆಗಮನ ಕಾಲದ ಮೊದಲ ಭಾನುವಾರ, ಎರಡನೇ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ನಡೆದದ್ದು. ನಮ್ಮ ಯುವಸಂಘದ ಒಬ್ಬ ಅಣ್ಣ ಸ್ಕೂಟರಿನ ಹತ್ತಿರ ನಿಂತಿದ್ದರು. ಒಬ್ಬರು ಹಿರಿಯರು ಬಂದು ಹೆಗಲ ಮೇಲೆ ಕೈ ಇಟ್ಟು, "ವೀಸಾ ಏನಾಯ್ತು ಮಗಾ?" ಎಂದು ಕೇಳಿದರು. "ಇಲ್ಲ ಅಂಕಲ್, ಪುನಃ ರಿಜೆಕ್ಟ್" ಅಂದರು ಅಣ್ಣ. "ಕಾಯ್ಬೇಕು ಮಗಾ, ದೇವರ ಸಮಯ ಅಂತ ಒಂದಿದೆ" ಎಂದು ಹೇಳಿ ಹಿರಿಯರು ಹೋದರು. ಅವರು ಆ ಕಡೆ ಹೋದದ್ದೇ, ಇನ್ನೊಬ್ಬರು ಹತ್ತಿರ ಬಂದು ಸ್ವರ ತಗ್ಗಿಸಿ, "ನೀನು ಮದುವೆ ವಿಷಯ ಬರೆದದ್ದೇ ತಪ್ಪು. ಟೂರಿಸ್ಟ್ ಅಂತ ಹಾಕ್ಬೇಕಿತ್ತು. ನನಗೆ ಮಂಗಳೂರಲ್ಲಿ ಒಬ್ಬರ ಪರಿಚಯ ಉಂಟು" ಅಂದರು.

ಎರಡೂ ಪ್ರೀತಿಯಿಂದಲೇ ಹೇಳಿದ ಮಾತು. ಆದರೂ ಎರಡೂ ತಪ್ಪು ಎಂದು ನಾವು ಹೇಳುತ್ತೇವೆ. ಅದಕ್ಕಾಗಿಯೇ ಈ ಬರಹ. ಆ ಅಣ್ಣ ಮತ್ತು ಅವರ ಹೆಂಡತಿ ಇದನ್ನು ಮೊದಲೇ ಓದಿ, ಹೆಸರು ಹಾಕದೆ ಪ್ರಕಟಿಸಲು ಒಪ್ಪಿದ್ದಾರೆ. ಹೆಸರು ಹಾಕದಿದ್ದರೂ ಯಾರೆಂದು ನಮ್ಮ ವಾಳೆಯವರಿಗೆಲ್ಲ ಗೊತ್ತಾಗುತ್ತದೆ, ಅದು ಬೇರೆ ಮಾತು.

ಸಂಗತಿ ಇಷ್ಟು. ಅಕ್ಕ ನರ್ಸ್. ಕೆನಡಾಕ್ಕೆ ಹೋಗಿ ಓದಿ, ಕೆಲಸ ಹಿಡಿದು, ಅಲ್ಲಿನ ಪಿ.ಆರ್. ಆದವರು. ಅಣ್ಣ ಕುಂಬಳೆ ಕಡೆ ಇಲೆಕ್ಟ್ರಿಕಲ್ ಕೆಲಸ ಮಾಡುತ್ತಾರೆ. 2024ರ ಜನವರಿಯಲ್ಲಿ ನಮ್ಮ ಇಗರ್ಜಿಯಲ್ಲೇ ಮದುವೆ. ಮೂರು ಭಾನುವಾರ ಪ್ರಕಟಣೆ ಓದಿದ್ದನ್ನು ನಾವೇ ಕೇಳಿದ್ದೇವೆ, ರೋಸಿನ ದಿನ ತೆಂಗಿನ ಹಾಲು ಎರೆದವರಲ್ಲಿ ನಾವೂ ಇದ್ದೇವೆ. ಅಕ್ಕನ ರಜೆ ಮುಗಿಯಿತು, ಹೋದರು. ಮಾರ್ಚಿನಲ್ಲಿ ಗಂಡನನ್ನು ಸ್ಪಾನ್ಸರ್ ಮಾಡಿ ಅರ್ಜಿ ಹಾಕಿದರು. ಆಗ ಅದರ ಒಟ್ಟು ಶುಲ್ಕ 1,080 ಡಾಲರ್, ಬೆರಳಚ್ಚಿನ 85 ಡಾಲರ್ ಬೇರೆ. (ಏಪ್ರಿಲ್ 30ರಿಂದ ಅದು 1,205 ಆಯಿತು.) ಸಂಗಾತಿಯ ಅರ್ಜಿಯನ್ನು ಸುಮಾರು 12 ತಿಂಗಳಲ್ಲಿ ಮುಗಿಸಬೇಕು ಎಂಬುದು ಅಲ್ಲಿನ ಇಲಾಖೆ ತನಗೆ ತಾನೇ ಹಾಕಿಕೊಂಡ ಗಡುವು. ಇಂದಿಗೆ 20 ತಿಂಗಳು ಕಳೆದಿದೆ.

ಈ ನಡುವೆ ಒಂದೆರಡು ತಿಂಗಳ ಮಟ್ಟಿಗಾದರೂ ಹೆಂಡತಿಯ ಜೊತೆ ಇದ್ದು ಬರೋಣ ಎಂದು ಅಣ್ಣ ವಿಸಿಟರ್ ವೀಸಾಕ್ಕೆ ಅರ್ಜಿ ಹಾಕಿದರು. ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು, ಮರುದಿನ ರಾತ್ರಿ ರೈಲಿನಲ್ಲಿ ವಾಪಸು. ನಿರಾಕರಣೆ ಬಂತು. ಆ ಕ್ರಿಸ್‌ಮಸ್‌ಗೆ ಅಕ್ಕನೇ ಬಂದು ಹೋದರು. 2025ರ ಮೇ ತಿಂಗಳಲ್ಲಿ, ಹೆರಿಗೆಯ ಹೊತ್ತಿಗೆ ಜೊತೆಗಿರಬೇಕೆಂದು, ಅಣ್ಣ ಡಾಕ್ಟರ ಪತ್ರ ಇಟ್ಟು ಎರಡನೇ ಅರ್ಜಿ ಹಾಕಿದರು. ಆಗಸ್ಟಿನಲ್ಲಿ ಅದೂ ತಿರಸ್ಕೃತ. ಸೆಪ್ಟೆಂಬರಿನಲ್ಲಿ ಹೆಣ್ಣು ಮಗು ಹುಟ್ಟಿತು. ಆ ಹೊತ್ತಿಗೆ ಇಲ್ಲಿ ಮಧ್ಯರಾತ್ರಿ ದಾಟಿತ್ತು. ಅಣ್ಣ ಫೋನನ್ನು ಚಾರ್ಜಿಗೆ ಹಾಕಿ ಅಡುಗೆಮನೆಯ ನೆಲದಲ್ಲಿ ಕುಳಿತಿದ್ದರು, ಏಕೆಂದರೆ ಆ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಲ್ಲಿ ಮಾತ್ರ.

ನಿರಾಕರಣೆ ಪತ್ರದಲ್ಲಿ ಏನಿತ್ತು? ವಾಸದ ಅವಧಿ ಮುಗಿದಾಗ ನೀವು ಕೆನಡಾ ಬಿಟ್ಟು ಹೊರಡುತ್ತೀರಿ ಎಂದು ನಮಗೆ ಮನವರಿಕೆಯಾಗಿಲ್ಲ, ಕಾರಣ ಕೆನಡಾದಲ್ಲಿ ನಿಮಗಿರುವ ಕುಟುಂಬ ಸಂಬಂಧ. 2025ರ ಜುಲೈ ಕೊನೆಯಿಂದ ಅಧಿಕಾರಿಯ ಟಿಪ್ಪಣಿಯನ್ನೂ ಪತ್ರದ ಜೊತೆ ಕೊಡುವ ಕ್ರಮ ಶುರುವಾಗಿದೆ. ಎರಡನೇ ಸಲ ಅದೂ ಬಂತು. ನಾಲ್ಕೈದು ಸಾಲು. ಹೆಂಡತಿ ಕೆನಡಾದಲ್ಲಿದ್ದಾಳೆ, ಊರಿನಲ್ಲಿ ಹೇಳಿಕೊಳ್ಳುವಂಥ ಆಸ್ತಿ ಇಲ್ಲ, ಸ್ಥಿರ ಸಂಬಳದ ದಾಖಲೆ ಇಲ್ಲ, ಮನವರಿಕೆಯಾಗಿಲ್ಲ. ಅಷ್ಟೇ.

ಹೆಂಡತಿಯನ್ನು ನೋಡಲಿಕ್ಕೆಂದು ಕೇಳಿದ ವೀಸಾವನ್ನು, ಹೆಂಡತಿ ಅಲ್ಲಿದ್ದಾಳೆ ಎಂಬ ಕಾರಣಕ್ಕೇ ನಿರಾಕರಿಸುವುದು. ಇದನ್ನು ಓದಿ ಸಿಟ್ಟು ಬರದಿದ್ದರೆ ಇನ್ನು ಯಾವುದಕ್ಕೆ ಬರಬೇಕು?

ಸಿಟ್ಟಿನಲ್ಲಿ ಏನೇನೋ ಬರೆಯಬಾರದು ಎಂದು ನಾವು ಕಾನೂನನ್ನು ಓದಿದೆವು. ನಮ್ಮಲ್ಲಿ ವಕೀಲರಿಲ್ಲ, ಆದರೆ ಇಂಗ್ಲಿಷ್ ಓದಲು ಬರುತ್ತದೆ. ಕೆನಡಾದ ವಲಸೆ ಕಾನೂನು 2001ರದ್ದು, 2002ರಲ್ಲಿ ಜಾರಿಗೆ ಬಂದದ್ದು. ಅದರ ಉದ್ದೇಶಗಳನ್ನು ಹೇಳುವ 3ನೇ ವಿಧಿಯಲ್ಲೇ ಕುಟುಂಬಗಳನ್ನು ಕೆನಡಾದಲ್ಲಿ ಒಂದುಗೂಡಿಸುವುದು ಒಂದು ಗುರಿ ಎಂದಿದೆ. 22ನೇ ವಿಧಿಯ ಎರಡನೇ ಉಪವಿಧಿ ಇನ್ನೂ ಸ್ಪಷ್ಟ. ಮುಂದೆ ಅಲ್ಲೇ ಕಾಯಂ ನೆಲೆಸುವ ಉದ್ದೇಶ ಒಬ್ಬನಿಗಿದೆ ಎಂಬ ಮಾತ್ರಕ್ಕೆ ಅವನು ತಾತ್ಕಾಲಿಕವಾಗಿ ಬರಲು ಅನರ್ಹನಾಗುವುದಿಲ್ಲ, ಅನುಮತಿಸಿದ ಅವಧಿ ಮುಗಿದಾಗ ಹೊರಡುತ್ತಾನೆ ಎಂದು ಅಧಿಕಾರಿಗೆ ಮನವರಿಕೆಯಾದರೆ ಸಾಕು. ಎರಡು ಉದ್ದೇಶಗಳು ಒಟ್ಟಿಗಿರಬಹುದು ಎಂದು ಕಾನೂನೇ ಒಪ್ಪುತ್ತದೆ. ಅಂದರೆ ಸ್ಪಾನ್ಸರ್‌ಶಿಪ್ ಅರ್ಜಿ ನಡೆಯುತ್ತಿರುವಾಗ ವಿಸಿಟರ್ ವೀಸಾ ಕೇಳುವುದು ಕಳ್ಳದಾರಿಯಲ್ಲ, ಕಾನೂನೇ ಇಟ್ಟ ಬಾಗಿಲು.

ಕೊಡಲಾಗದು ಎನ್ನುವ ಅಧಿಕಾರಿಯ ಪರವಾಗಿ ಹೇಳಬಹುದಾದದ್ದನ್ನೂ ಹೇಳಿಬಿಡೋಣ. ಅವರೆದುರು ಬರುವ ಎಲ್ಲ ಅರ್ಜಿಗಳೂ ನಿಜವಲ್ಲ. ಸುಳ್ಳು ಮದುವೆಗಳಿವೆ, ನಮ್ಮ ರಾಜ್ಯದಲ್ಲೂ ಪಕ್ಕದ ರಾಜ್ಯದಲ್ಲೂ ಇವೆ. ವಿಸಿಟರ್ ಎಂದು ಹೋಗಿ ಮಾಯವಾದವರೂ ಇದ್ದಾರೆ. ಹೊರಡುವನೇ ಎಂದು ಕೇಳುವುದು ಅವರ ಕೆಲಸ. ಅದನ್ನು ನಾವು ತಪ್ಪೆನ್ನುವುದಿಲ್ಲ.

ನಾವು ತಪ್ಪೆನ್ನುವುದು ಬೇರೆ. ಇಂಥ ಅರ್ಜಿಗಳಲ್ಲಿ ಏನೇನು ತೂಗಬೇಕೆಂದು ಆ ಇಲಾಖೆಯದೇ ಸೂಚನೆ ಇದೆ: ಎಷ್ಟು ದಿನ ಇರುತ್ತಾರೆ, ಖರ್ಚು ಯಾರದು, ಊರಿನಲ್ಲಿ ಯಾವ ಹೊಣೆ ಇದೆ, ಕಾಯಂ ಅರ್ಜಿ ತಿರಸ್ಕೃತವಾದರೆ ಹಿಂದಿರುಗುವ ಸಂಭವ ಎಷ್ಟು, ಹಿಂದೆ ಯಾವ ದೇಶದ ನಿಯಮವನ್ನಾದರೂ ಮುರಿದದ್ದುಂಟೇ. ಪ್ರತಿಯೊಬ್ಬರ ಸ್ಥಿತಿಯನ್ನು ಪ್ರತ್ಯೇಕವಾಗಿ ನೋಡಬೇಕು. ಆದರೆ ನಾಲ್ಕು ಸಾಲಿನ ಟಿಪ್ಪಣಿಯಲ್ಲಿ ಇವು ಯಾವುವೂ ಕಾಣಲಿಲ್ಲ. 2018ರಿಂದ ಅಲ್ಲಿ ಚಿನೂಕ್ ಎಂಬ ಸಲಕರಣೆಯನ್ನು ಬಳಸುತ್ತಾರೆ. ಎಕ್ಸೆಲ್‌ನಲ್ಲಿ ಮಾಡಿದ್ದು. ಹತ್ತಾರು ಅರ್ಜಿಗಳ ವಿವರವನ್ನು ಸಾಲು ಸಾಲಾಗಿ ತೋರಿಸುತ್ತದೆ, ನಿರಾಕರಣೆಯ ಒಕ್ಕಣೆಯನ್ನೂ ಒದಗಿಸುತ್ತದೆ. ನಿರ್ಧಾರ ಮಾಡುವುದು ಅಧಿಕಾರಿಯೇ ಹೊರತು ಯಂತ್ರವಲ್ಲ ಎಂದು ಇಲಾಖೆ ಹೇಳುತ್ತದೆ. ಇರಬಹುದು. ಆದರೆ ಎಕ್ಸೆಲ್‌ನ ಒಂದು ಸಾಲಿನೊಳಗೆ ಹೆರಿಗೆಯ ದಿನಾಂಕಕ್ಕೆ ಎಷ್ಟು ಜಾಗ ಇರುತ್ತದೆ?

ಇನ್ನೊಂದು ವಿಷಯ ನಮಗೆ ಅರ್ಥವೇ ಆಗುವುದಿಲ್ಲ. 2023ರ ಮೇ ತಿಂಗಳಲ್ಲಿ ಆಗಿನ ವಲಸೆ ಸಚಿವ ಶಾನ್ ಫ್ರೇಸರ್ ಒಂದು ಪ್ರಕಟಣೆ ಮಾಡಿದರು. ಸ್ಪಾನ್ಸರ್‌ಶಿಪ್ ಅರ್ಜಿ ಹಾಕಿದ ಸಂಗಾತಿಗಳ ವಿಸಿಟರ್ ವೀಸಾಗಳಲ್ಲಿ ಹೆಚ್ಚಿನವನ್ನು 30 ದಿನದೊಳಗೆ ಮುಗಿಸುತ್ತೇವೆ, ಅವುಗಳಿಗೆಂದೇ ಬೇರೆ ವ್ಯವಸ್ಥೆ ಮಾಡಿದ್ದೇವೆ, ಹಾಗೆ ನೋಡಿದವುಗಳಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಮಂಜೂರಾಗಿವೆ ಎಂದರು. ಅದೇ ಹೊತ್ತಿಗೆ, ಹೀಗೆ ಹೋಗಿ ಸಂಗಾತಿಯ ಜೊತೆ ಒಂದೇ ಮನೆಯಲ್ಲಿ ವಾಸಿಸುತ್ತ, ವೀಸಾ ಅವಧಿಯನ್ನೂ ಸರಿಯಾಗಿ ಇಟ್ಟುಕೊಂಡವರಿಗೆ ಕೆಲಸದ ಪರವಾನಗಿ ಕೇಳುವ ದಾರಿಯನ್ನೂ ತೆರೆದರು. ಅಂದರೆ ಬನ್ನಿ, ಒಟ್ಟಿಗಿರಿ, ಬೇಕಾದರೆ ಅವಧಿ ವಿಸ್ತರಿಸಿಕೊಳ್ಳಿ, ಕೆಲಸವನ್ನೂ ಮಾಡಿ ಎಂದು ಒಂದು ಕೈ ಕರೆಯುತ್ತದೆ. ಆರು ತಿಂಗಳಲ್ಲಿ ನೀನು ಖಂಡಿತ ಹೊರಡುತ್ತೀಯಾ ಎಂದು ಕೇಳಿ ಇನ್ನೊಂದು ಕೈ ಬಾಗಿಲು ಹಾಕುತ್ತದೆ. ಕಾನೂನುಬದ್ಧವಾಗಿ ಉಳಿಯುವ ದಾರಿಯನ್ನು ತಾವೇ ಇಟ್ಟ ಮೇಲೆ, ಕಾನೂನು ಮುರಿದು ಉಳಿಯುತ್ತಾನೆ ಎಂಬ ಸಂಶಯ ಯಾಕೆ? ಹತ್ತರಲ್ಲಿ ಒಂಬತ್ತು ಮಂದಿಗೆ ಸಿಗುತ್ತದೆ ಎಂದರೆ ಆ ಹತ್ತನೆಯವನು ಯಾರು? ಸಂಬಳದ ಚೀಟಿ ಇಲ್ಲದವನು, ಅಪ್ಪನ ಹೆಸರಲ್ಲಿ ಜಾಗ ಇರುವವನು. ಅಂದರೆ ನಮ್ಮಂಥವನು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಾಸರಗೋಡಿನ ಕಡೆ ಎಷ್ಟು ಮನೆಗಳಲ್ಲಿ ಇಪ್ಪತ್ತೆಂಟರ ಹುಡುಗನ ಹೆಸರಿನಲ್ಲಿ ಜಾಗ ಉಂಟು? ಅರ್ಧ ಎಕರೆ ಅಡಿಕೆ ತೋಟ ಅಜ್ಜನ ಹೆಸರಲ್ಲೇ ಇರುತ್ತದೆ, ಭಾಗವಾಗಿರುವುದಿಲ್ಲ. ವಿಲೇಜ್ ಆಫೀಸಿನ ತೆರಿಗೆ ರಸೀದಿ ಮಲಯಾಳದಲ್ಲಿ, ಶಾಲೆಯ ಸರ್ಟಿಫಿಕೇಟಿನಲ್ಲಿ ಕನ್ನಡ, ಮನೆಯಲ್ಲಿ ಮಾತು ಕೊಂಕಣಿ, ಅರ್ಜಿ ಇಂಗ್ಲಿಷಿನಲ್ಲಿ. ಶಾಲೆಯಲ್ಲಿ ಇನಿಷಿಯಲ್ ಮಾತ್ರ, ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು, ಪಂಚಾಯತಿನ ಮದುವೆ ಪತ್ರದಲ್ಲಿ ಮೂರನೆಯದೊಂದು ಸ್ಪೆಲ್ಲಿಂಗ್. ಇಂಗ್ಲಿಷಿಗೆ ಅನುವಾದ ಮಾಡಿಸಬೇಕು, ಅದನ್ನು ಮನೆಯವರು ಮಾಡಿದರೆ ಆಗುವುದಿಲ್ಲ, ಅನುವಾದಕರ ಪ್ರಮಾಣಪತ್ರ ಬೇಕು. ವಯರಿಂಗ್ ಕೆಲಸದವನಿಗೆ ದುಡ್ಡು ಕೈಗೆ ಬರುತ್ತದೆ, ಈಗ ಗೂಗಲ್ ಪೇಗೆ ಬರುತ್ತದೆ, ಸಂಬಳದ ಚೀಟಿಯಾಗಿ ಎಂದೂ ಬರುವುದಿಲ್ಲ. ಊರಿನಲ್ಲಿ ಇವನಿಗೆ ಕಟ್ಟು ಇಲ್ಲ ಎಂದು ದೂರದಲ್ಲಿ ಕೂತವರು ಬರೆಯುತ್ತಾರೆ. ಸಂಜೆಯಾದರೆ ಅಮ್ಮನ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಕೊಡುವವನು ಇವನೇ, ನಮ್ಮ ಹಬ್ಬಕ್ಕೆ ಇಗರ್ಜಿಗೆ ದೀಪ ಕಟ್ಟುವವನು ಇವನೇ. ಅದು ಕಟ್ಟಲ್ಲವೇ? ಆದರೆ ಅದನ್ನು ಕಾಗದದಲ್ಲಿ ತೋರಿಸುವುದು ನಮಗೆ ಯಾರೂ ಕಲಿಸಲಿಲ್ಲ. ಇಲ್ಲಿ ನಮ್ಮ ತಪ್ಪೂ ಇದೆ, ಅದಕ್ಕೆ ಆಮೇಲೆ ಬರುತ್ತೇವೆ.

ಈಗ ಕಾಯಿರಿ ಎನ್ನುವವರಿಗೆ.

ನಮ್ಮ ಹಿರಿಯರು ಕಾಯುವುದನ್ನು ಕಲಿತದ್ದು ಗಲ್ಫ್‌ನಿಂದ. ನಮ್ಮ ಅಜ್ಜಿಯಂದಿರ, ಅಮ್ಮಂದಿರ ಕಾಲದಲ್ಲಿ ಗಂಡ ಎರಡು ವರ್ಷಕ್ಕೊಮ್ಮೆ ಬರುತ್ತಿದ್ದ. ಬರುವಾಗ ಸಾಬೂನು, ಕಂಬಳಿ, ಟೇಪ್ ರೆಕಾರ್ಡರ್. ಹೋಗುವಾಗ ಹೆಂಡತಿ ಬಸುರಿ. ಮಗು ಅಪ್ಪನನ್ನು ನೋಡಿ ಅಳುತ್ತಿತ್ತು. ಕುಟುಂಬವನ್ನು ಕರೆಸಿಕೊಳ್ಳಲು ಇಂತಿಷ್ಟು ಸಂಬಳ ಇರಲೇಬೇಕೆಂಬ ನಿಯಮ ಅಲ್ಲಿತ್ತು, ಹೆಚ್ಚಿನವರಿಗೆ ಅಷ್ಟು ಸಂಬಳ ಇರಲಿಲ್ಲ. ಆ ಅಮ್ಮಂದಿರು ಹೇಗೆ ಬಾಳಿದರು ಎಂದು ಯಾರಾದರೂ ಒಂದು ದಿನ ಕೂರಿಸಿ ಕೇಳಿದ್ದೇವೆಯೇ? ನಮ್ಮಲ್ಲಿ ಇಬ್ಬರು ಕೇಳಿದೆವು. ಒಬ್ಬರು ಅಮ್ಮ ನಕ್ಕು ಮಾತು ತಪ್ಪಿಸಿದರು. ಇನ್ನೊಬ್ಬರು, "ಮನೆ ಕಟ್ಟಿದೆವು ಮಗಾ, ಆದ್ರೆ ಅವರ ಜೊತೆ ಆ ಮನೆಯಲ್ಲಿ ಕೂತದ್ದು ಅವರಿಗೆ ಅರುವತ್ತಾದ ಮೇಲೆ" ಅಂದರು. ಅದನ್ನು ನಾವು ತ್ಯಾಗ ಎಂದು ಕರೆದೆವು, ವೇದಿಕೆಯಲ್ಲಿ ಶಾಲು ಹೊದಿಸಿದೆವು. ಬೇರೆ ದಾರಿ ಇರಲಿಲ್ಲ, ಸರಿ. ಆದರೆ ದಾರಿ ಇಲ್ಲದಾಗ ಸಹಿಸಿದ್ದನ್ನು, ದಾರಿ ಇರುವಾಗಲೂ ಸಹಿಸಬೇಕಾದ ಸದ್ಗುಣವೆಂದು ಬೋಧಿಸಬೇಡಿ. ಗಲ್ಫ್ ದೇಶಗಳು ನಿಮ್ಮನ್ನು ಒಂದುಗೂಡಿಸುತ್ತೇವೆ ಎಂದು ನಮಗೆ ಎಂದೂ ಮಾತು ಕೊಟ್ಟಿರಲಿಲ್ಲ. ಕೆನಡಾ ತನ್ನ ಕಾನೂನಿನಲ್ಲೇ ಬರೆದಿಟ್ಟಿದೆ. ಕೊಟ್ಟ ಮಾತನ್ನು ಕೇಳುವುದು ಅವಸರವಲ್ಲ.

ಆಗಮನ ಕಾಲ ಕಾಯುವ ಕಾಲ ಹೌದು. ಆದರೆ ಬರುವವನಿಗಾಗಿ ಕಾಯುವುದು ಒಂದು, ಫೈಲು ಮೇಜಿನಿಂದ ಮೇಜಿಗೆ ಹೋಗಲೆಂದು ಕಾಯುವುದು ಇನ್ನೊಂದು. ಹೆರೋದನ ಸೈನಿಕರು ಬರುತ್ತಾರೆಂದು ತಿಳಿದಾಗ ಸಂತ ಜೋಸೆಫರು ದೇವರ ಸಮಯ ಎಂದು ಮಲಗಲಿಲ್ಲ. ಆ ರಾತ್ರಿಯೇ ಎದ್ದು ಹೆಂಡತಿ ಮಗುವನ್ನು ಕರೆದುಕೊಂಡು ಹೊರಟರು. ನಮ್ಮ ಧರ್ಮಸಭೆಯ ಕಾನೂನಿನ 1151ನೇ ವಿಧಿ ಗಂಡ ಹೆಂಡತಿ ಒಟ್ಟಿಗೆ ಬಾಳುವುದನ್ನು ಕರ್ತವ್ಯ ಎಂದೂ ಹಕ್ಕು ಎಂದೂ ಎರಡೂ ಬಗೆಯಲ್ಲಿ ಹೇಳುತ್ತದೆ. ಪವಿತ್ರ ಪೀಠ 1983ರಲ್ಲಿ ಹೊರಡಿಸಿದ ಕುಟುಂಬದ ಹಕ್ಕುಗಳ ಸನ್ನದಿನ 12ನೇ ವಿಧಿ ವಲಸೆ ಹೋದ ಕೆಲಸಗಾರರು ತಮ್ಮ ಕುಟುಂಬವನ್ನು ಆದಷ್ಟು ಬೇಗ ಸೇರುವುದು ಅವರ ಹಕ್ಕು ಎನ್ನುತ್ತದೆ. ಇವುಗಳನ್ನು ಪ್ರಸಂಗದಲ್ಲಿ ನಾವು ಎಷ್ಟು ಸಲ ಕೇಳಿದ್ದೇವೆ? ವಿಚ್ಛೇದನದ ವಿರುದ್ಧ ವರ್ಷಕ್ಕೆ ಹತ್ತು ಸಲ ಕೇಳುತ್ತೇವೆ. ಸರ್ಕಾರಿ ಮೊಹರು ಬೇರೆ ಮಾಡಿಟ್ಟ ಗಂಡ ಹೆಂಡತಿಯರ ಬಗ್ಗೆ ಒಂದು ಸಲವೂ ಇಲ್ಲ. ನಮ್ಮ ಫಾದರ್ ಇದನ್ನು ಓದುತ್ತಾರೆಂದು ಗೊತ್ತು. ಬೇಸರಿಸಬೇಡಿ ಫಾದರ್.

ಇನ್ನು ಮುಚ್ಚಿಡಿ ಎನ್ನುವವರಿಗೆ. ಇಲ್ಲಿ ನಾವು ಸ್ವಲ್ಪವೂ ಸಂಕೋಚ ಪಡುವುದಿಲ್ಲ. ಈ ಸಲಹೆ ಕೆಟ್ಟದ್ದು, ಜೊತೆಗೆ ಅಪಾಯಕಾರಿ.

ವಿಸಿಟರ್ ವೀಸಾದ ಅರ್ಜಿಯಲ್ಲಿ ಮದುವೆಯಾಗಿದೆಯೇ ಎಂದು ಕೇಳುತ್ತಾರೆ. ಸಂಗಾತಿ ಎಲ್ಲಿದ್ದಾರೆ, ಏನು ಮಾಡುತ್ತಾರೆ ಎಂದು ಕುಟುಂಬದ ಫಾರ್ಮಿನಲ್ಲಿ ಕೇಳುತ್ತಾರೆ. ಕೆನಡಾಕ್ಕೆ ಬರಲು ಅಥವಾ ಅಲ್ಲಿ ಉಳಿಯಲು ಹಿಂದೆ ಎಂದಾದರೂ ಅರ್ಜಿ ಹಾಕಿದ್ದೀರಾ, ಯಾವುದಾದರೂ ದೇಶ ವೀಸಾ ನಿರಾಕರಿಸಿದೆಯೇ ಎಂದು ಕೇಳುತ್ತಾರೆ. ಸ್ಪಾನ್ಸರ್‌ಶಿಪ್ ಅರ್ಜಿ ಅದೇ ಇಲಾಖೆಯ ಅದೇ ಕಂಪ್ಯೂಟರಿನಲ್ಲಿ ಕೂತಿದೆ. ಅಲ್ಲಿ ಮದುವೆಯ ಫೋಟೊ ಸಮೇತ ಹೆಸರು ಕೊಟ್ಟು, ಇಲ್ಲಿ ಅವಿವಾಹಿತ ಎಂದು ಬರೆದರೆ ಯಾರನ್ನು ಮೋಸ ಮಾಡಿದಂತಾಯಿತು? 40ನೇ ವಿಧಿಯ ಪ್ರಕಾರ ಸುಳ್ಳು ಹೇಳಿದವರಿಗೆ ಅಥವಾ ಮುಖ್ಯ ಸಂಗತಿ ಮರೆಮಾಚಿದವರಿಗೆ ಐದು ವರ್ಷ ಕೆನಡಾ ಪ್ರವೇಶ ಇಲ್ಲ. ವಿಸಿಟರ್ ವೀಸಾವೂ ಇಲ್ಲ, ಕಾಯಂ ನೆಲೆಯೂ ಇಲ್ಲ. ನಿರಾಕರಣೆಯಾದರೆ ಹೋಗುವುದು 100 ಡಾಲರ್ ಶುಲ್ಕ ಮತ್ತು ಒಂದಿಷ್ಟು ಕಣ್ಣೀರು, ಮತ್ತೆ ಅರ್ಜಿ ಹಾಕಬಹುದು. ಸುಳ್ಳು ಸಿಕ್ಕಿಬಿದ್ದರೆ ಹೋಗುವುದು ಮಗುವಿನ ಮೊದಲ ಐದು ವರ್ಷ.

ಇದಕ್ಕಿಂತ ಕೆಟ್ಟ ಮರೆಮಾಚುವಿಕೆ ಇನ್ನೊಂದಿದೆ. ಪಿ.ಆರ್. ಆಗುವ ಮೊದಲೇ ಊರಿಗೆ ಬಂದು ಮದುವೆಯಾಗುತ್ತಾರೆ, ಅರ್ಜಿ ತಡವಾಗುತ್ತದೆ ಎಂದು ಏಜೆಂಟ್ ಹೇಳಿದ್ದಕ್ಕೆ ಅದನ್ನು ತಿಳಿಸದೆ ಪಿ.ಆರ್. ಪಡೆಯುತ್ತಾರೆ. ಆಗ ಹೇಳದೆ ಬಿಟ್ಟ ಹೆಂಡತಿಯನ್ನೋ ಗಂಡನನ್ನೋ ಆಮೇಲೆ ಕುಟುಂಬ ವರ್ಗದಲ್ಲಿ ಸ್ಪಾನ್ಸರ್ ಮಾಡಲಾಗದಂತೆ ಅಲ್ಲಿನ ನಿಯಮಾವಳಿಯ 117ನೇ ನಿಯಮ ತಡೆಯುತ್ತದೆ. 2019ರಿಂದ ಕೆಲವು ಸಂದರ್ಭಗಳಿಗೆ ಪ್ರಾಯೋಗಿಕ ವಿನಾಯಿತಿ ಇದೆ, ಆದರೆ ಅದನ್ನು ನಂಬಿ ಮದುವೆ ಮುಚ್ಚಿಡುವುದು ಹಗ್ಗದ ಮೇಲೆ ನಡೆದಂತೆ. ಇಂಥ ಸಲಹೆ ಕೊಟ್ಟ ಏಜೆಂಟನಿಗೆ ಏನೂ ಆಗುವುದಿಲ್ಲ. ಅರ್ಜಿಗೆ ಸಹಿ ಅವನದಲ್ಲ.

ಹಣ ಪಡೆದು ಕೆನಡಾ ವಲಸೆ ಅರ್ಜಿಯಲ್ಲಿ ಸಲಹೆ ಕೊಡಲು ಯಾರಿಗೆ ಅಧಿಕಾರವಿದೆ ಎಂಬುದನ್ನೂ 91ನೇ ವಿಧಿ ಹೇಳುತ್ತದೆ. ಅಲ್ಲಿನ ವಕೀಲರು, ಕ್ವಿಬೆಕ್‌ನ ನೋಟರಿಗಳು, ಮತ್ತು 2021ರ ನವೆಂಬರಿನಿಂದ ವಲಸೆ ಸಲಹೆಗಾರರ ನಿಯಂತ್ರಣ ವಹಿಸಿಕೊಂಡ ಕಾಲೇಜಿನ ಸದಸ್ಯರು. ಆ ಸದಸ್ಯರ ಪಟ್ಟಿ ಎಲ್ಲರಿಗೂ ತೆರೆದಿದೆ, ಫೋನಿನಲ್ಲೇ ಹುಡುಕಬಹುದು. ಪಟ್ಟಿಯಲ್ಲಿ ಹೆಸರಿಲ್ಲದವನು ನಿಮ್ಮ ಅಣ್ಣನ ಸ್ನೇಹಿತನೇ ಆಗಿರಲಿ, ನಮ್ಮದೇ ಧರ್ಮಕೇಂದ್ರದವನಾಗಿರಲಿ, ದುಡ್ಡು ಕೊಡಬೇಡಿ. ಹಣ ಪಡೆಯದೆ ಗೆಳೆಯರು ಸಹಾಯ ಮಾಡಬಹುದು, ಅದಕ್ಕೆ ಅಡ್ಡಿಯಿಲ್ಲ.

ಈಗ ನಾವು ನಮ್ಮವರನ್ನೇ ಕೇಳಬೇಕಾದ ಕೆಲವು ಪ್ರಶ್ನೆಗಳು. ಅಣ್ಣನ ವಿಷಯದಲ್ಲಿ ಕಾಯುತ್ತಿರುವುದು ಗಂಡಸು. ಹಾಗಾಗಿ ಜನ ಅಂಗಳದಲ್ಲಿ ಹೆಗಲು ತಟ್ಟುತ್ತಾರೆ, ಹೆಚ್ಚೆಂದರೆ ಮನೆ ಅಳಿಯ ಎಂದು ನಗುತ್ತಾರೆ. ಕಾಯುವವಳು ಹೆಣ್ಣಾದರೆ? ಮೂರು ವಾರದ ರಜೆಯಲ್ಲಿ ಹುಡುಗ ಬರುತ್ತಾನೆ, ನೋಡುತ್ತಾನೆ, ಮದುವೆ ಆಗುತ್ತದೆ. ಆರು ತಿಂಗಳಲ್ಲಿ ಕರೆಸಿಕೊಳ್ಳುತ್ತಾನೆ ಎಂದು ಮಾತು. ಹುಡುಗಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಅತ್ತೆಮನೆಯಲ್ಲಿ ಕೂರುತ್ತಾಳೆ. ವರ್ಷವಾದರೆ "ಅವನಿಗೆ ಇವಳು ಬೇಡವಂತೆ" ಎಂಬ ಮಾತು ಶುರು. ಹೀಗೆ ಮಾತಾಡುವವರು ನಮ್ಮ ಜಪಸರದ ಗುಂಪಿನಲ್ಲೂ ಇದ್ದಾರೆ, ಸುಳ್ಳು ಹೇಳುವುದೇಕೆ. ಮದುವೆಗೆ ಮೊದಲೇ ಹುಡುಗಿಯ ಮನೆಯವರು ಎರಡು ಪ್ರಶ್ನೆ ಕೇಳಬೇಕು. ಹುಡುಗ ಪಿ.ಆರ್. ಅಥವಾ ಪೌರನೇ, ಅಥವಾ ಇನ್ನೂ ವಿದ್ಯಾರ್ಥಿ ವೀಸಾದಲ್ಲಿದ್ದಾನೆಯೇ? ಸ್ಪಾನ್ಸರ್ ಮಾಡುವುದು ಮೊದಲ ಇಬ್ಬರಿಗೆ ಮಾತ್ರ ಸಾಧ್ಯ. ಅವನು ಪಿ.ಆರ್. ಆದರೆ ಆ ಕಾಲವೆಲ್ಲ ಅಲ್ಲೇ ವಾಸವಿರಬೇಕೆಂಬುದು ಅವನಿಗೆ ಗೊತ್ತೇ? ಚಿನ್ನ ಎಷ್ಟು ಎಂದು ಕೇಳಲು ನಾಚದವರು ಇದನ್ನು ಕೇಳಲು ನಾಚುತ್ತಾರೆ. ಮತ್ತೆ, ವೀಸಾ ಕೈಗೆ ಬರುವವರೆಗೆ ಹುಡುಗಿ ಕೆಲಸ ಬಿಡಬಾರದು. ಇದು ನಮ್ಮ ಸಲಹೆಯಲ್ಲ, ಒತ್ತಾಯ. ಊರಿನ ಕೆಲಸವೇ ವಿಸಿಟರ್ ವೀಸಾಕ್ಕೆ ಅವಳ ಅತಿ ದೊಡ್ಡ ದಾಖಲೆ. ಅತ್ತೆಮನೆಯಲ್ಲಿ ಕೂರಿಸಿದರೆ ಆ ದಾಖಲೆಯನ್ನೂ ಕಿತ್ತುಕೊಂಡಂತೆ.

ಹಾಗಾದರೆ ಅರ್ಜಿ ಹೇಗೆ ಹಾಕಬೇಕು? ಅಣ್ಣನ ಮೊದಲ ಅರ್ಜಿಯನ್ನು ಈಗ ನಾವು ಕೂತು ನೋಡಿದಾಗ ನಮಗೇ ನಾಚಿಕೆಯಾಯಿತು. ಪತ್ರದಲ್ಲಿ ಇದ್ದದ್ದು ಹೆಂಡತಿಯ ಮೇಲಿನ ಪ್ರೀತಿ ಮಾತ್ರ. ಪ್ರೀತಿಯನ್ನು ಯಾರೂ ಸಂಶಯಪಟ್ಟಿರಲಿಲ್ಲ! ಸಂಶಯ ಇದ್ದದ್ದು ವಾಪಸಾತಿಯ ಬಗ್ಗೆ, ಆ ಬಗ್ಗೆ ಒಂದು ಸಾಲೂ ಇರಲಿಲ್ಲ. ಎರಡನೆಯದರಲ್ಲಿ ಹೆರಿಗೆಯ ದಾಖಲೆ ಸೇರಿತು, ವಾಪಸಾತಿಗೆ ಉತ್ತರ ಆಗಲೂ ಇರಲಿಲ್ಲ. ಮೂರನೆಯ ಅರ್ಜಿಯನ್ನು ನಾವು ನಾಲ್ಕು ಮಂದಿ ಸೇರಿ ಓದಿ ತಿದ್ದಿದೆವು. ಮೊದಲ ಪ್ಯಾರಾದಲ್ಲೇ ಸ್ಪಾನ್ಸರ್‌ಶಿಪ್ ಅರ್ಜಿಯ ಸಂಖ್ಯೆ, ಹಾಕಿದ ದಿನಾಂಕ, ಹಿಂದಿನ ಎರಡು ನಿರಾಕರಣೆ. 22ನೇ ವಿಧಿಯ ಉಲ್ಲೇಖ. ಎಷ್ಟು ದಿನ ಇರುತ್ತೇನೆ, ಯಾಕೆ ಅಷ್ಟೇ ದಿನ. ಕಾಯಂ ಅರ್ಜಿ ತಿರಸ್ಕೃತವಾದರೆ ಏನು ಮಾಡುತ್ತೇನೆ: ಊರಿಗೆ ಬಂದು ಅಲ್ಲಿಂದಲೇ ಮೇಲ್ಮನವಿ, ಏಕೆಂದರೆ ಹೊರದೇಶದಿಂದ ಹಾಕಿದ ಸಂಗಾತಿಯ ಅರ್ಜಿ ತಿರಸ್ಕೃತವಾದರೆ ಸ್ಪಾನ್ಸರ್‌ಗೆ ಮೇಲ್ಮನವಿಯ ಹಕ್ಕಿದೆ. ಅಮ್ಮನ ಔಷಧಿ ಚೀಟಿ. ಎರಡು ವರ್ಷದ ಬ್ಯಾಂಕ್ ವಿವರ. ಕೈಯಲ್ಲಿರುವ ಕೆಲಸಗಳ ಒಪ್ಪಂದ, ಯಾವ ತಿಂಗಳೊಳಗೆ ಮುಗಿಸಬೇಕು ಎಂಬುದರ ಸಮೇತ. ತೋಟದ ತೆರಿಗೆ ರಸೀದಿ ಅನುವಾದ ಸಹಿತ, ಅದು ಅಪ್ಪನ ಹೆಸರಲ್ಲಿ ಏಕಿದೆ ಎಂಬ ಎರಡು ಸಾಲು. ಅಕ್ಕನ ಸಂಬಳದ ಚೀಟಿ, ಮನೆಯ ಬಾಡಿಗೆ ಕರಾರು, ಆಹ್ವಾನ ಪತ್ರ. ಇಷ್ಟಾದರೂ ಸಿಗುತ್ತದೆ ಎಂಬ ಭರವಸೆ ನಮ್ಮ ಕೈಯಲ್ಲಿಲ್ಲ. ಆದರೆ ಈ ಸಲ ನಿರಾಕರಿಸುವವರು ಇದನ್ನೆಲ್ಲ ದಾಟಿ ನಿರಾಕರಿಸಬೇಕು. ವಿಸಿಟರ್ ವೀಸಾ ನಿರಾಕರಣೆಗೆ ಮೇಲ್ಮನವಿ ಇಲ್ಲ, ಆದರೆ ಕೆನಡಾದ ಫೆಡರಲ್ ಕೋರ್ಟಿನಲ್ಲಿ ಪರಿಶೀಲನೆ ಕೇಳಬಹುದು. ಹೊರದೇಶದಲ್ಲಾದ ನಿರ್ಧಾರಕ್ಕೆ 60 ದಿನದೊಳಗೆ. ಇದು ಎಲ್ಲರ ಕಿಸೆಗೆ ಎಟಕುವುದಿಲ್ಲ. ಆದರೂ ಮೊದಲ ಎರಡು ಸಲ ಆ 60 ದಿನ ಇದೆಯೆಂದೇ ನಮಗೆ ಗೊತ್ತಿರಲಿಲ್ಲ, ಯಾವ ಏಜೆಂಟೂ ಹೇಳಿರಲಿಲ್ಲ.

ತಡವಾಗುತ್ತಿರುವುದಕ್ಕೆ ಎರಡು ದೇಶಗಳ ಜಗಳವೂ ಒಂದು ಕಾರಣ ಎನ್ನುವವರಿದ್ದಾರೆ. 2023ರ ಅಕ್ಟೋಬರಿನಲ್ಲಿ ಕೆನಡಾ ತನ್ನ 41 ರಾಜತಾಂತ್ರಿಕರನ್ನು ಭಾರತದಿಂದ ಹಿಂದಕ್ಕೆ ಕರೆಸಿಕೊಂಡಿತು, ಬೆಂಗಳೂರಿನ ಕಾನ್ಸುಲೇಟಿನಲ್ಲೂ ಖುದ್ದು ಸೇವೆ ನಿಂತಿತು. ಇಲ್ಲಿನ ವಲಸೆ ಸಿಬ್ಬಂದಿ 27ರಿಂದ 5ಕ್ಕೆ ಇಳಿಯಿತು. ಅಣ್ಣ ಅಕ್ಕನ ಮದುವೆ ಆದದ್ದು ಅದಾಗಿ ಮೂರು ತಿಂಗಳಿಗೆ. ದೊಡ್ಡವರ ಜಗಳದ ಬಿಸಿ ಯಾರಿಗೆ ತಟ್ಟುತ್ತದೆ ಎಂಬುದಕ್ಕೆ ಕುಂಬಳೆಯ ಒಬ್ಬ ಇಲೆಕ್ಟ್ರಿಷಿಯನ್‌ಗಿಂತ ಬೇರೆ ಸಾಕ್ಷಿ ಬೇಡ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಮದುವೆ ತಯಾರಿ ಶಿಬಿರದಲ್ಲಿ ವಲಸೆ ಕಾಗದಗಳ ಬಗ್ಗೆ ಒಂದು ಗಂಟೆ ಇಡಬೇಕು, ಹಣಕಾಸು ಮತ್ತು ಆರೋಗ್ಯದ ಪಾಠ ಇರುವ ಹಾಗೆಯೇ. ಪಾಲನಾ ಪರಿಷತ್ತಿಗೆ ಈಗಾಗಲೇ ಬರೆದು ಕೊಟ್ಟಿದ್ದೇವೆ. ಇಗರ್ಜಿಯ ಮದುವೆ ಪತ್ರ, ಪಂಚಾಯತಿನ ನೋಂದಣಿ, ಪಾಸ್‌ಪೋರ್ಟ್ ಮೂರರಲ್ಲೂ ಹೆಸರು ಒಂದೇ ಸ್ಪೆಲ್ಲಿಂಗಿನಲ್ಲಿ ಇದೆಯೇ ಎಂದು ಮದುವೆಗೆ ಮೊದಲೇ ಆಫೀಸಿನಲ್ಲಿ ನೋಡಿಕೊಳ್ಳಬೇಕು. ಯಾರದಾದರೂ ವೀಸಾ ನಿರಾಕರಣೆಯಾದರೆ ಅಂಗಳದಲ್ಲಿ ಎಲ್ಲರೆದುರು ಕೇಳಬೇಡಿ, ಮನೆಗೆ ಹೋಗಿ ಕೇಳಿ.

ಡಿಸೆಂಬರ್ 14ರ ಭಾನುವಾರ ಎರಡನೇ ಪೂಜೆಯ ನಂತರ ನಮ್ಮಲ್ಲಿ ಮೂವರು ಸಭಾಭವನದ ಹಿಂದಿನ ಕೋಣೆಯಲ್ಲಿ ಇರುತ್ತೇವೆ. ನಿಮ್ಮ ನಿರಾಕರಣೆ ಪತ್ರ ತನ್ನಿ, ಓದಿ ಅರ್ಥ ಹೇಳುತ್ತೇವೆ. ಫಾರ್ಮ್ ತುಂಬಿಸಿ ಕೊಡುವುದಿಲ್ಲ, ದುಡ್ಡು ತೆಗೆದುಕೊಳ್ಳುವುದಿಲ್ಲ, ಸುಳ್ಳು ಬರೆಯಲು ಸಹಾಯ ಮಾಡುವುದಿಲ್ಲ. ಸೊಸೆಯ ಪತ್ರವನ್ನು ಅತ್ತೆ ತರುವುದು ಬೇಡ, ಸೊಸೆಯೇ ಬರಲಿ.

ಅಣ್ಣನ ಮೂರನೇ ಅರ್ಜಿ ನವೆಂಬರ್ 18ರಂದು ಹೋಗಿದೆ. ಮಗುವಿನ ಜ್ಞಾನಸ್ನಾನವನ್ನು ಅಪ್ಪ ಬಂದ ಮೇಲೆ ಮಾಡೋಣ ಎಂದು ಅಲ್ಲಿನ ಇಗರ್ಜಿಯ ಫಾದರ್ ಒಪ್ಪಿದ್ದಾರೆ. ಜ್ಞಾನಸ್ನಾನದ ಬಿಳಿ ಅಂಗಿಯನ್ನು ಅಣ್ಣನ ಅಮ್ಮ ಇಲ್ಲೇ ಹೊಲಿದು ಇಟ್ಟಿದ್ದಾರೆ. ಮೂರು ತಿಂಗಳ ಅಳತೆಗೆ ಹೊಲಿದದ್ದು, ಹೋದ ವಾರ ಬಿಚ್ಚಿ ದೊಡ್ಡದು ಮಾಡಿದರು.